ಇಪ್ಪತ್ತಮೂರು ಹೆಸರುಗಳಿಗೆ ಕಾದ ಸರ್ವರ್

ಕಬ್ಬಿಣದ ಗೇಟಿನ ಆ ಕಡೆಯಿಂದ ಯಾರೋ ಬಡಿದರು.

ಟಣ್... ಟಣ್... ಟಣ್.

ಮೂರು ಸಲ. ಆಮೇಲೆ ಮೌನ. ಮತ್ತೆ ಮೂರು.

ನನಗೆ ಎಪ್ಪತ್ತೊಂದು ವರ್ಷ. ಎಡಗಿವಿ ಸತ್ತು ಎಷ್ಟೋ ಕಾಲವಾಯಿತು, ಬಲಗಿವಿ ತನಗೆ ಇಷ್ಟವಾದದ್ದನ್ನು ಮಾತ್ರ ಕೇಳುತ್ತದೆ. ಆದರೂ ಆ ಸದ್ದು ನನ್ನ ಹಲ್ಲಿನ ಸೆಟ್ಟಿಗೇ ಬಂದು ತಗುಲಿತು. ಹನ್ನೆರಡು ಟನ್ ತೂಕದ ಗೇಟು. ಅದರ ಹಿಂದೆ ನೀರು ತುಂಬಿದ ಸುರಂಗ. ಆ ನೀರಿನೊಳಗೆ ಒಬ್ಬ ಮನುಷ್ಯ.

ಅವನಿಗೆ ಮೇಲಿನಿಂದ ಗಾಳಿ ಕಳಿಸುವ ಹಳದಿ ಪೈಪು ಗೇಟಿನಡಿ ಸಿಕ್ಕಿ ದೋಸೆಯಂತೆ ಚಪ್ಪಟೆಯಾಗಿತ್ತು.

ಪಂಪ್‌ಹೌಸಿನ ಕಾವಲುಗಾರ ಎಪ್ಪೊ ಓಡಿ ಬಂದ. ಕೈಯಲ್ಲಿ ಇನ್ನೂ ಕಾಫಿ ಕಪ್ಪು. ಆ ಪೈಪನ್ನು ಹಿಡಿದು ದಡದಲ್ಲಿ ಕೂತಿರಬೇಕಾದವನು ಅವನೇ.

“ಒಳಗೆ ಯಾರೋ?” ಎಂದೆ.

“ವಾಲ್ದಿಸ್... ಆ ಲಾಟ್ವಿಯಾದವ್ನು. ಪಂಪಿನ ಜಾಲರಿ ಕ್ಲೀನ್ ಮಾಡೋಕೆ ಇಳಿದಿದ್ದ.”

“ಬೆನ್ನ ಮೇಲೆ ಗಾಳಿ ಬಾಟ್ಲು ಇದೆಯಾ?”

“ಸಣ್ಣದು. ಇಪ್ಪತ್ತೈದು ನಿಮಿಷಕ್ಕಾಗತ್ತೆ. ಹೆದರಿಕೊಂಡ್ರೆ ಇಪ್ಪತ್ತು.”

ಗಡಿಯಾರ ನೋಡಿದೆ. ಹತ್ತು ಗಂಟೆ ಮೂರು ನಿಮಿಷ. ಬೆಳಗಿನ ಬಿಸಿಲು ಸಮುದ್ರ ತಡೆಯುವ ಏರಿಯ ಮೇಲೆ ಬಿದ್ದು ಕುರಿಗಳು ಹಾಯಾಗಿ ಮೇಯುತ್ತಿದ್ದವು. ಸಾಯಲು ಎಂಥ ಒಳ್ಳೆಯ ದಿನ ನೋಡಿ.

ನಾನು ಅಲ್ಲಿಗೆ ಬಂದದ್ದೇ ಪಂಪು, ಗೇಟು ಎಲ್ಲ ನಡೆಸುವ ಸರ್ವರ್ ನೋಡಲು. ನನ್ನ ಗಂಡ ಹಾರ್ಮ್ ಆ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ಯಂತ್ರ ನೋಡಿಕೊಂಡವನು. ಅವನಿಗೆ ಸ್ಕ್ರೂಡ್ರೈವರ್ ಕೊಡುತ್ತಾ ಕೊಡುತ್ತಾ ನಾನು ಕಲಿತೆ. ಅವನು ಹೋಗಿ ಹನ್ನೆರಡು ವರ್ಷ. ಸರ್ಟಿಫಿಕೇಟ್ ಏನಿಲ್ಲ, ಆರನೇ ಕ್ಲಾಸಿನಲ್ಲೇ ಬಿಟ್ಟವಳು. ಆದರೂ ಕರಾವಳಿಯಲ್ಲಿ ಯಾವ ಯಂತ್ರ ಮುನಿಸಿಕೊಂಡರೂ ಎಪ್ಪೊನಂಥವರು ಗುಟ್ಟಾಗಿ ನನಗೇ ಫೋನ್ ಮಾಡುತ್ತಾರೆ.

ಬುಧವಾರ ಸರ್ವರ್‌ಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ದರು. ಹಾಕಿದ ಮೇಲೆ ಅದು ಏಳಲು ನಲವತ್ತು ನಿಮಿಷ ತೆಗೆದುಕೊಳ್ಳುತ್ತಿದೆ ಎಂದು ಎಪ್ಪೊ ಹೇಳಿದ್ದ. ಮೊದಲು ಐದೇ ನಿಮಿಷಕ್ಕೆ ಏಳುತ್ತಿದ್ದದ್ದು. ನಲವತ್ತು ನಿಮಿಷದಲ್ಲಿ ನಾನು ಸತ್ತು, ಮಣ್ಣಾಗಿ, ಮೇಲೆ ಹುಲ್ಲು ಬೆಳೆದಿರುತ್ತದೆ.

ಸರ್ವರ್ ಮಲಗಿದರೆ ಗೇಟು ತಾನೇ ಬೀಳುತ್ತದೆ, ಸಮುದ್ರದ ನೀರು ಊರಿಗೆ ನುಗ್ಗಬಾರದಲ್ಲ. ಸರ್ವರ್ ಪೂರ್ತಿ ಎದ್ದರೆ ಮಾತ್ರ ಗೇಟು ಮೇಲೇಳುತ್ತದೆ. ಕೈಯಲ್ಲಿ ತಿರುಗಿಸುವ ದೊಡ್ಡ ಹಿಡಿಕೆ ಒಂದಿತ್ತು. ಈಗಿನ ಸಾಹೇಬ ಮೆನ್ನೊ ಅದನ್ನು ಬಿಚ್ಚಿಸಿ, ಪಾಲಿಶ್ ಹೊಡೆಸಿ, ಹದಿನೆಂಟು ಕಿಲೋಮೀಟರ್ ದೂರದ ಹೆಡ್ಡಾಫೀಸಿನ ಗೋಡೆಗೆ ನೇತುಹಾಕಿದ್ದಾನೆ. ಚೆಂದ ಕಾಣುತ್ತದಂತೆ.

ಹತ್ತು ಗಂಟೆಗೆ ಸರ್ವರನ್ನು ಮಲಗಿಸಿದ್ದು ಯಾರು?

ಯಾರೂ ಅಲ್ಲ. ಅದೇ ಮಲಗಿತು. ಹೊಸ ಸಿಸ್ಟಮ್ ದಿನಕ್ಕೊಮ್ಮೆ ತನ್ನನ್ನು ತಾನೇ ಆರಿಸಿ ಏಳಬೇಕು ಎಂದು ಮೆನ್ನೊ ಬರೆಸಿದ್ದ. ವೇಳೆ ಬೆಳಿಗ್ಗೆ ಹತ್ತು. ಏಕೆಂದರೆ ಹತ್ತಕ್ಕೆ ನಮ್ಮಲ್ಲಿ ಕಾಫಿ. ಹತ್ತಕ್ಕೆ ನಮ್ಮ ನಾಡಿನಲ್ಲಿ ಸುತ್ತಿಗೆ ಎತ್ತಿದವನು ಅದನ್ನು ಗಾಳಿಯಲ್ಲೇ ಬಿಟ್ಟು ಹೋಗುತ್ತಾನೆ. ಆ ಹೊತ್ತಿಗೆ ಕೆಲಸದಲ್ಲಿ ಯಾರೂ ಇರುವುದಿಲ್ಲ.

ವಾಲ್ದಿಸ್ ಇದ್ದ.

ಅವನನ್ನು ಕಾಫಿಗೆ ಯಾರೂ ಕರೆದಿರಲಿಲ್ಲ. ಬಾಡಿಗೆಯ ಆಳು, ಮೇಲೆ ಹತ್ತಿಸಿ ಮತ್ತೆ ಇಳಿಸಲು ಅರ್ಧ ಗಂಟೆ ದಂಡ, ಅವನು ಮಾಡುತ್ತಿರಲಿ ಬಿಡು ಎಂದು ಮೆನ್ನೊ ಹೇಳಿದನಂತೆ. ಎಪ್ಪೊ ಪೈಪನ್ನು ಗೂಟಕ್ಕೆ ಸುತ್ತಿ ಕಾಫಿಗೆ ಹೋದನಂತೆ.

“ಫೈರ್ ಇಂಜಿನ್?”

“ಫೋನ್ ಮಾಡ್ದೆ. ಬಂದು ಗೇಟು ಕೊಯ್ಯೋ ಹೊತ್ತಿಗೆ ಹತ್ತೂ ಮುಕ್ಕಾಲು.”

“ನೀನಿಲ್ಲೇ ನಿಲ್ಲು. ಅವ್ನು ಬಡಿದ ಹಾಗೆಲ್ಲ ನೀನೂ ಬಡಿ. ಕಾಫಿ ಚೆಲ್ಲು ಮೊದ್ಲು.”

ನನ್ನ ಬ್ಯಾಟರಿ ಗಾಡಿ ಹತ್ತಿದೆ. ಮುದುಕರ ಮೂರು ಗಾಲಿಯ ಗಾಡಿ, ಆಮೆಗೆ ತಂಗಿ. ಅದನ್ನು ನೇರ ಸರ್ವರ್ ಕೋಣೆಯೊಳಗೇ ನುಗ್ಗಿಸಿದೆ.

ಹತ್ತು ಐದು.

ಸರ್ವರಿನ ಫ್ಯಾನುಗಳು ಹತ್ತು ವಿಮಾನದಷ್ಟು ಗದ್ದಲ ಮಾಡುತ್ತಿದ್ದವು. ಸ್ಕ್ರೀನಿನಲ್ಲಿ ಒಂದೇ ಸಾಲು. ಯಾವುದೋ ಹೆಸರು, ಅದರ ಮುಂದೆ ‘ಉತ್ತರಕ್ಕಾಗಿ ಕಾಯುತ್ತಿದೆ’, ಅದರ ಮುಂದೆ ಸೆಕೆಂಡುಗಳ ಎಣಿಕೆ. ತೊಂಬತ್ತು ಮುಟ್ಟಿತು. ಉತ್ತರವಿಲ್ಲ. ಮುಂದಿನ ಹೆಸರು. ಮತ್ತೆ ಸೊನ್ನೆಯಿಂದ ಎಣಿಕೆ...

ಹೆಸರು ಓದಿದೆ. ಮತ್ತೊಮ್ಮೆ ಓದಿದೆ.

ಅವು ಹಾರ್ಮ್‌ನ ಗುಡಿಸಲುಗಳು. ಏರಿಯ ಉದ್ದಕ್ಕೂ ನೀರಿನ ಮಟ್ಟ ಅಳೆದು ಸರ್ವರ್‌ಗೆ ತಿಳಿಸಲು ಅವನು ಕಟ್ಟಿದ್ದ ಇಪ್ಪತ್ತಮೂರು ಗುಡಿಸಲು. ಒಂದೊಂದಕ್ಕೂ ನಾನು ಬುತ್ತಿ ಹೊತ್ತಿದ್ದೇನೆ. ಎಲ್ಲವನ್ನೂ ಒಡೆದು ಹಾಕಿ ಎಂಟು ವರ್ಷವಾಗಿದೆ. ಹೆಸರು ಮಾತ್ರ ಲಿಸ್ಟಿನಲ್ಲಿ ಉಳಿದಿತ್ತು. ಹಳೆಯ ಸಿಸ್ಟಮ್ ಒರಟು, ಒಂದು ಸೆಕೆಂಡು ಕೂಗಿ ಉತ್ತರ ಬರದಿದ್ದರೆ ಮುಂದೆ ಹೋಗುತ್ತಿತ್ತು. ಹೊಸದು ಮಹಾ ಮರ್ಯಾದಸ್ಥ. ಪ್ರತಿ ಸತ್ತವನ ಬಾಗಿಲಲ್ಲೂ ಒಂದೂವರೆ ನಿಮಿಷ ಟೋಪಿ ತೆಗೆದು ನಿಲ್ಲುತ್ತಿತ್ತು.

ಇಪ್ಪತ್ತಮೂರು ಸಲ ಒಂದೂವರೆ ನಿಮಿಷ. ನನ್ನ ಆರನೇ ಕ್ಲಾಸಿಗೂ ಆ ಲೆಕ್ಕ ಬರುತ್ತದೆ.

ಆ ಹೆಸರುಗಳನ್ನು ಅಳಿಸಬೇಕು. ಅಳಿಸಲು ಪಾಸ್‌ವರ್ಡ್ ಬೇಕು. ಅದು ಗೊತ್ತಿದ್ದದ್ದು ಹೊಸ ಸಿಸ್ಟಮ್ ಹಾಕಿದ ಯೋರಿಟ್‌ಗೆ. ಅವನೂ ಕಾಫಿಗೆ ಬಂದಿದ್ದ. ಕಿಟಕಿಯಿಂದ ನೋಡಿದರೆ ಅವನು ತನ್ನ ಬಿಳಿ ವ್ಯಾನಿನ ಬಾಗಿಲು ತೆಗೆಯುತ್ತಿದ್ದ. ಬಡಿತ ಅವನಿಗೂ ಕೇಳಿಸಿತ್ತು. ಕೇಳಿಸಿದ್ದಕ್ಕೇ ಹೊರಟಿದ್ದ.

ಗಾಡಿ ತಿರುಗಿಸಿದೆ.

ವ್ಯಾನು ಅಂಗಳ ಸುತ್ತಿ ಏರಿಯ ದಾರಿಗೆ ಹತ್ತಬೇಕು. ನಾನು ಕುರಿಗಳ ನಡುವೆ ಅಡ್ಡದಾರಿ ಹಿಡಿದೆ. ಮೂರು ಕುರಿ ಹಾರಿದವು. ಒಂದು ನನ್ನ ಮಡಿಲಿಗೇ ಬಂದು ಕೂರುವುದರಲ್ಲಿತ್ತು. ಗಾಡಿಯ ಒಂದು ಗಾಲಿ ನೆಲದ ಮೇಲೆ, ಎರಡು ಆಕಾಶದಲ್ಲಿ. ಏರಿಯ ಮೇಲಿನ ದಾರಿ ಒಂದೇ ವ್ಯಾನಿನ ಅಗಲ, ಎರಡೂ ಕಡೆ ಇಳಿಜಾರು. ಅದರ ನಡುವೆ ಗಾಡಿ ಅಡ್ಡ ನಿಲ್ಲಿಸಿ, ಕೀಲಿ ಕಿತ್ತು ರವಿಕೆಯೊಳಗೆ ಹಾಕಿಕೊಂಡೆ.

ವ್ಯಾನು ಬಂತು. ನಿಲ್ಲುವುದಿಲ್ಲ ಎಂದುಕೊಂಡೆ. ಬಂಪರ್ ನನ್ನ ಮೊಣಕಾಲಿಗೆ ಮುತ್ತು ಕೊಟ್ಟು ನಿಂತಿತು.

“ದಾರಿ ಬಿಡಿ ಅಜ್ಜಿ.”

“ನನ್ನ ಮೇಲೇ ಹತ್ತಿಸು ಮರಿ. ಒಂದೇ ದಿನ ಎರಡು ಹೆಣ. ಒಂದು ಕಾಫಿಗೆ, ಒಂದು ಬಿಸ್ಕತ್ತಿಗೆ.”

“ನಾನು ಮೆನ್ನೊ ಸರ್ ಹೇಳಿದ್ದು ಮಾಡಿದೆ ಅಷ್ಟೆ. ಹಳೇದ್ರಲ್ಲಿ ಒಂದಕ್ಷರನೂ ಬಿಡಬೇಡ, ಎಲ್ಲಾ ಹಾಗೇ ತುಂಬು ಅಂದ್ರು...”

“ಅದನ್ನ ಆ ಗೇಟಿಗೆ ಬಾಯಿಟ್ಟು ಹೇಳು. ಒಳಗಿರೋನು ಕೇಳಿಸ್ಕೊಳ್ತಾನೆ.”

ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಅವನು ಸ್ಟಿಯರಿಂಗ್ ಹಿಡಿದು ಅಳತೊಡಗಿದ. ನಾನು ಕಿಟಕಿಯಿಂದ ಕೈ ಹಾಕಿ ಅವನ ವ್ಯಾನಿನ ಕೀಲಿ ಕಿತ್ತು ಕಾಲುವೆಗೆ ಎಸೆದೆ. ಅಳುವುದನ್ನು ನಿಲ್ಲಿಸಲು ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಅವನನ್ನು ಗಾಡಿಯ ಹಿಂದೆ ನಿಲ್ಲಿಸಿಕೊಂಡು ವಾಪಸು ಬಂದೆ.

ಹತ್ತು ಹದಿಮೂರು.

ಸರ್ವರ್ ಕೋಣೆಯ ಬಾಗಿಲಲ್ಲಿ, ಕಾಫಿ ಮೇಜಿನಿಂದ ಎದ್ದು ಬಂದ ಮೆನ್ನೊ ನಿಂತಿದ್ದ. ಆರಡಿ ಮೂರಂಗುಲ, ಇಸ್ತ್ರಿ ಮಾಡಿದ ಅಂಗಿ, ಸಣ್ಣ ನಗು. ನಾನು ಹೊರಗಿನವಳು, ಅಲ್ಲಿ ಕಾಲಿಡುವ ಹಕ್ಕೂ ನನಗಿಲ್ಲ ಎಂದ. ಪೊಲೀಸರನ್ನು ಕರೆಯುತ್ತೇನೆ ಎಂದ. ಆಮೇಲೆ ಸ್ಕ್ರೀನ್ ತೋರಿಸಿ ಲೆಕ್ಕ ಹೇಳಿದ. ಆರು ಹೆಸರು ಮುಗಿದಿವೆ, ಈಗ ಆರಿಸಿದರೆ ಎಲ್ಲ ಮೊದಲಿನಿಂದ, ಏಳದೇ ಹೋದರೆ ಹೊಣೆ ಯಾರದು ಎಂದು ಕೇಳಿದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆರಿಸಿದರೆ ಆ ಸರ್ವರ್ ತನ್ನ ಮೆಮೊರಿ ಎಣಿಸಿಕೊಳ್ಳಲಿಕ್ಕೇ ನಾಲ್ಕು ನಿಮಿಷ ತಿನ್ನುತ್ತದೆ. ಆಮೇಲೆ ಅಳಿಸುವುದು, ಏಳುವುದು. ಒಂದು ಅಕ್ಷರ ತಪ್ಪಿದರೆ ಏಳುವುದೇ ಇಲ್ಲ.

“ಹಾಗಾದ್ರೆ ನೀವೇ ಗೇಟಿನ ಹತ್ರ ಹೋಗಿ ಹೇಳಿ, ಸಾಹೇಬ್ರೆ,” ಎಂದೆ. “ಇನ್ನೂ ಹದಿನೇಳು ಹೆಸರು ಬಾಕಿ ಇದೆ, ಉಸಿರು ಹಿಡ್ಕೊಂಡಿರು ಅಂತ.”

ಅವನು ಅಲ್ಲಾಡಲಿಲ್ಲ. “ಯಾರೂ ಮುಟ್ಟದೆ ಅವ್ನು ಸತ್ರೆ ಅದು ಅಪಘಾತ. ನೀನು ಮುಟ್ಟಿ ಸತ್ರೆ ಅದು ಕೊಲೆ. ಯೋಚ್ನೆ ಮಾಡು ಗ್ರೀಟ್.”

ಯೋಚನೆ ಮಾಡಿದೆ. ಗಾಡಿಯನ್ನು ಮುಂದಕ್ಕೆ ಒತ್ತಿ ಅವನ ಎಡಗಾಲಿನ ಹೊಳೆಯುವ ಬೂಟಿನ ಮೇಲೆ ನಿಲ್ಲಿಸಿದೆ. ಗಾಡಿಯೂ ನಾನೂ ಸೇರಿ ಒಂದು ಆನೆಮರಿ. ಒಳಗೆ ಏನೋ ಮುರಿದ ಸದ್ದು ಕೇಳಿಸಿತು. ಬಲಗಿವಿಗೆ ಅದು ಇಷ್ಟವಾಯಿತು.

ಅವನು ಗೋಡೆ ಹಿಡಿದು ಕುಸಿದ. ನಾನು ಸರ್ವರಿನ ಸ್ವಿಚ್ ಒತ್ತಿ ಹಿಡಿದೆ.

ಫ್ಯಾನುಗಳು ಸತ್ತವು. ಆ ಮೌನದಲ್ಲಿ ಗೇಟಿನ ಬಡಿತ ಅಲ್ಲಿಗೂ ಕೇಳಿಸಿತು. ಟಣ್... ಟಣ್. ಈಗ ಎರಡೇ ಸಲ.

ಮತ್ತೆ ಸ್ವಿಚ್ ಒತ್ತಿದೆ. ಎಣಿಕೆ ಶುರುವಾಯಿತು. ನಾಲ್ಕು ನಿಮಿಷ... ನನ್ನ ಹೆರಿಗೆಗಳೂ ಅಷ್ಟು ಉದ್ದ ಅನ್ನಿಸಿರಲಿಲ್ಲ. ಮೆನ್ನೊ ನೆಲದ ಮೇಲೆ ಕೂತು ಫೋನಿನಲ್ಲಿ ಏನನ್ನೋ ಟೈಪ್ ಮಾಡುತ್ತಿದ್ದ. ಆಂಬುಲೆನ್ಸ್ ಕರೆಯುತ್ತಿದ್ದಾನೆ ಎಂದುಕೊಂಡೆ. ಅವನ ಬಗ್ಗೆ ಒಳ್ಳೆಯದು ಎಣಿಸಿದ್ದು ಜೀವನದಲ್ಲಿ ಅದೊಂದೇ ಸಲ.

ಹತ್ತು ಹದಿನೆಂಟು. ಸಿಸ್ಟಮ್ ಅರ್ಧ ಎದ್ದು ರಿಪೇರಿಯ ಬಾಗಿಲು ತೆರೆಯಿತು. ಯೋರಿಟ್ ಪಾಸ್‌ವರ್ಡ್ ಒತ್ತಿದ. ತಪ್ಪು. ಮತ್ತೆ ಒತ್ತಿದ. ತಪ್ಪು. ಅವನ ಬೆರಳುಗಳು ಬಿಸಿ ಬಾಣಲೆಯಲ್ಲಿ ಬಿದ್ದ ಸೀಗಡಿಯಂತೆ ಕುಣಿಯುತ್ತಿದ್ದವು.

“ಬಾಯಲ್ಲಿ ಹೇಳು. ನಾನು ಒತ್ತೀನಿ.”

ಹೇಳಿದ. ಒತ್ತಿದೆ. ತೆರೆಯಿತು.

ಲಿಸ್ಟ್ ಬಂತು. ಹಾರ್ಮ್ ಇಟ್ಟ ಹೆಸರುಗಳು ಸಾಲಾಗಿ ನಿಂತಿದ್ದವು. ನಾನು ಅಳಿಸತೊಡಗಿದೆ. ಒಂದು ಸಾಲು, ಇನ್ನೊಂದು ಸಾಲು... ಅವನು ಮೂವತ್ತು ವರ್ಷದಲ್ಲಿ ಕಟ್ಟಿದ್ದನ್ನು ಸರ್ಕಾರ ಎರಡು ವಾರದಲ್ಲಿ ಕೆಡವಿತ್ತು. ನನಗೆ ಒಂದು ನಿಮಿಷ ಸಾಕಾಯಿತು.

ಮುಂದೆ ಹೋಗು ಎಂದು ಒತ್ತಿದೆ. ಸಾಲುಗಳು ಮಳೆಯಂತೆ ಸುರಿದವು. ಆಮೇಲೆ... ನಿಂತವು.

‘ಎರಡನೇ ನೆಟ್‌ವರ್ಕ್‌ಗಾಗಿ ಕಾಯುತ್ತಿದೆ.’

“ಇದೇನೋ?”

ಯೋರಿಟ್ ಕಣ್ಣು ಮುಚ್ಚಿದ. ಸರ್ವರ್‌ಗೆ ಎರಡು ಕೇಬಲ್ ಕಿಂಡಿ ಇವೆ, ಎರಡನೆಯದು ಖಾಲಿ, ಹೊಸ ಸಿಸ್ಟಮ್ ಅದಕ್ಕೂ ಎರಡು ನಿಮಿಷ ಕಾಯುತ್ತದೆ, ಅದನ್ನು ತಾನು ಮರೆತಿದ್ದೆ ಎಂದ.

ಹೊರಗೆ ಎಪ್ಪೊ ಕೂಗಿದ. “ಗ್ರೀಟಮ್ಮ, ಅವ್ನು ಬಡೀತಿಲ್ಲ!”

ಹತ್ತು ಇಪ್ಪತ್ತೊಂದು.

ನನಗೆ ಎರಡು ನಿಮಿಷವಿರಲಿಲ್ಲ. ಗೋಡೆಯ ಮೇಲಿನ ಕ್ಯಾಮೆರಾದ ಕೇಬಲ್ ಹಿಡಿದು ಎಳೆದೆ. ಕ್ಯಾಮೆರಾವೂ ಬಂತು, ಗೋಡೆಯ ಒಂದು ತುಂಡೂ ಬಂತು. ಕ್ಯಾಮೆರಾದಿಂದ ಕಿತ್ತ ತುದಿಯನ್ನು ಖಾಲಿ ಕಿಂಡಿಗೆ ತುರುಕಿದೆ. ಕಿಂಡಿಯಲ್ಲಿ ಹಸಿರು ದೀಪ ಮಿನುಗಿತು. ಮೂಢ ಯಂತ್ರ, ಯಾರೋ ಬಂದರು ಎಂದುಕೊಂಡು ಮುಂದೆ ಹೋಯಿತು.

ಹತ್ತು ಇಪ್ಪತ್ತೆರಡು. ಹೊರಗೆ ಮೋಟಾರು ಗುಡುಗಿತು. ಗೇಟು ಅಲುಗಿತು.

ಮೊದಲು ಹಸಿರು ನೀರು ಬಂತು. ಆಮೇಲೆ ಜೊಂಡು, ಒಂದು ಮುರಿದ ಸೈಕಲ್, ಆಮೇಲೆ ವಾಲ್ದಿಸ್. ಎಪ್ಪೊ ಕುತ್ತಿಗೆಯವರೆಗೆ ನೀರಿಗಿಳಿದು ಎಳೆದ. ನಾವು ಮುಖವಾಡ ಕಿತ್ತೆವು. ತುಟಿ ನೇರಳೆಹಣ್ಣಿನ ಬಣ್ಣ. ಬಡಿದು ಬಡಿದು ಬಲಗೈಯ ಎರಡು ಬೆರಳು ಒಡೆದಿದ್ದವು.

ಎದೆಯ ಮೇಲೆ ನನ್ನ ಪೂರ್ತಿ ಭಾರ ಹಾಕಿದೆ. ಒಂದು ಸಲ. ಹತ್ತು ಸಲ. ಅವನ ಪಕ್ಕೆಲುಬು ಮುರಿದದ್ದು ನನ್ನ ಕೈಗೇ ತಿಳಿಯಿತು. ಮುರಿಯಲಿ, ಸತ್ತವನಿಗೆ ಅದರಿಂದೇನು?

ಅವನು ವಾಂತಿ ಮಾಡಿಕೊಂಡ. ನನ್ನ ಮಡಿಲ ಮೇಲೆಲ್ಲ. ಅಷ್ಟು ಒಳ್ಳೆಯ ವಾಂತಿಯನ್ನು ನಾನು ಜನ್ಮದಲ್ಲಿ ನೋಡಿಲ್ಲ.

ಆಂಬುಲೆನ್ಸ್ ಬರುವ ಮೊದಲೇ ಮೆನ್ನೊ ಕುಂಟುತ್ತಾ ಬಂದ. ಕೈಯಲ್ಲಿ ಒಂದು ಹಾಳೆ. ಫೋನಿನಲ್ಲಿ ಟೈಪ್ ಮಾಡಿದ್ದು ಅದನ್ನೇ. ಪಂಪ್‌ಹೌಸಿನ ಪ್ರಿಂಟರಿನಲ್ಲಿ ತೆಗೆಸಿದ್ದ, ಇನ್ನೂ ಬೆಚ್ಚಗಿತ್ತು. ಓದಿ ಹೇಳಿದ. ಡೈವರ್ ಯಾರಿಗೂ ತಿಳಿಸದೆ ನೀರಿಗಿಳಿದಿದ್ದ. ಗ್ರೀಟ್ ಎಂಬ ಹೊರಗಿನ ಹೆಂಗಸು ಅನುಮತಿಯಿಲ್ಲದೆ ಸರ್ವರ್ ಮುಟ್ಟಿದ್ದರಿಂದ ಗೇಟು ಬಿತ್ತು. ಇಷ್ಟೇ. ಕೆಳಗೆ ವಾಲ್ದಿಸ್‌ನ ಸಹಿಗೆ ಜಾಗ.

ಎಪ್ಪೊ ತನ್ನ ಬೂಟು ನೋಡಿಕೊಂಡ. ಯೋರಿಟ್ ಆಕಾಶ ನೋಡಿದ.

ವಾಲ್ದಿಸ್ ನನ್ನನ್ನು ನೋಡಿದ. ಈ ಕರಾವಳಿಯಲ್ಲಿ ಎಷ್ಟು ಗೇಟುಗಳಿವೆಯೋ ಅಷ್ಟೂ ಮೆನ್ನೊನ ಕೈಕೆಳಗೆ.

“ನಂಗೆ ಇದೊಂದೇ ಕೆಲ್ಸ ಬರೋದು, ಅಮ್ಮ,” ಎಂದ. ಧ್ವನಿ ಗರಗಸದಂತಿತ್ತು. “ನೀವು ಬೇಡ ಅಂದ್ರೆ ಸಹಿ ಹಾಕಲ್ಲ.”

ನಾನು ಬೇಡ ಎನ್ನಬಹುದಿತ್ತು. ಆದರೆ ಎಪ್ಪತ್ತೊಂದು ವರ್ಷದ ಮುದುಕಿಯಿಂದ ಏನು ಕಿತ್ತುಕೊಳ್ಳುತ್ತಾರೆ? ಪಂಪ್‌ಹೌಸಿನ ನೂರು ಮೀಟರ್ ಹತ್ತಿರ ಬರಬಾರದು ಎಂದು ಬರೆದುಕೊಡುತ್ತಾರೆ. ಕೋರ್ಟಿಗೆ ಎಳೆಯುತ್ತಾರೆ. ಎರಡನ್ನೂ ಮಾಡಿದರು, ಅದು ಬೇರೆ ಮಾತು.

ಮೆನ್ನೊ ಪೆನ್ನು ಕೊಟ್ಟ. ಒಡೆದ ಬೆರಳುಗಳಲ್ಲಿ ಅದು ನಿಲ್ಲಲಿಲ್ಲ. ಎರಡು ಸಲ ಕಲ್ಲಿನ ಮೇಲೆ ಬಿತ್ತು.

ಮೂರನೇ ಸಲ ನಾನೇ ಅವನ ಮಣಿಕಟ್ಟು ಹಿಡಿದುಕೊಂಡೆ. ಸಹಿ ಗುಂಡಗೆ, ಮುತ್ತಿನ ಹಾಗೆ ಬಂತು.

ಕೆಟ್ಟದಾಗಿ ಬಂದಿದ್ದರೆ ಆ ಬಡಪಾಯಿ ಇನ್ನೊಂದು ಸಲ ಬರೆಯಬೇಕಾಗುತ್ತಿತ್ತು.