ಹೆರೂರರ ಮಾತಿನ ತೂಕ

ಬೆಳಗಿನ ಪಾಳಿಯ ಮೊದಲ ಗಂಟೆಯಲ್ಲೇ ಹಂಸಗಿರಿ ಉಕ್ಕಿನ ಕಾರ್ಖಾನೆಯ ಜಾಲದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸಂದೇಶಗಳು ಹರಿದವು. ಕ್ರೇನ್ ಚಾಲಕ ಫಕೀರಸಾಬ ನದಾಫ ಅವರ ಕಿವಿಗೆ ಬಿದ್ದದ್ದು ಮೂರು. ಮೂರನೇ ಕುಲುಮೆಯ ಬಕೆಟ್ ಸಿದ್ಧವಾಗಿದೆ. ಬಲಗಡೆಯ ಹಳಿಯ ಮೇಲೆ ಜನರಿದ್ದಾರೆ. ಸಂಜೆ ಬರುವಾಗ ಮೊಟ್ಟೆ ತರಬೇಕು.

ಕೊನೆಯದು ಹೆಂಡತಿಯದು. "ಮೇಡಮ್ಮಾರ, ಮದಲ ಆಕಿ ಮಾತ ಒಂದೂ ಕೇಳ್ತಿದ್ದಿಲ್ಲ ನನಗ. ಈಗ ಒಂದೂ ತಪ್ಪಂಗಿಲ್ಲ. ಉಪಕಾರ ಮಾಡೀರೋ, ಅಪಕಾರ ಮಾಡೀರೋ?" ಎಂದು ಫಕೀರಸಾಬ ಕೇಳಿದಾಗ ಡಾ. ನೀಲಾಂಬಿಕಾ ಅಂಗಡಿ ನಕ್ಕರು.

ಕಿವಿಯೊಳಗೆ ಕೂರುವ, ಕಡಲೆಕಾಳಿನ ಗಾತ್ರದ ಆ ಮಣಿ ನೀಲಾಂಬಿಕಾ ಅವರ ಆವಿಷ್ಕಾರ. ಅದು ಸಂದೇಶವನ್ನಲ್ಲ, ಕಳಿಸಿದವರನ್ನು ತೂಗುತ್ತದೆ. ಒಬ್ಬರ ಮಾತು ಕೇಳಿ ಕೇಳುಗ ಏನಾದರೂ ಮಾಡಿದರೆ, ಕಡೇಪಕ್ಷ ಒಂದು ಹೆಜ್ಜೆ ಆಚೀಚೆ ಸರಿದರೆ, ಕಳಿಸಿದವರ ತೂಕ ಏರುತ್ತದೆ. ಏನೂ ಮಾಡದಿದ್ದರೆ ಇಳಿಯುತ್ತದೆ. ತೂಕ ಒಂದು ಮಟ್ಟಕ್ಕಿಂತ ಕೆಳಗಿಳಿದವರ ಮಾತು ಜಾಲದಲ್ಲಿ ಉಳಿಯುತ್ತದೆ, ಕಿವಿಗೆ ಬರುವುದಿಲ್ಲ. ೨೦೪೯ರ ಹೊತ್ತಿಗೆ ಕಚೇರಿ, ಆಸ್ಪತ್ರೆ, ಅಡುಗೆಮನೆ ಎಲ್ಲೆಡೆಯೂ ಮಣಿ ಬಂದಿತ್ತು. ಜನ ಮತ್ತೆ ಒಂದು ಕೆಲಸವನ್ನು ಕೂತು ಮುಗಿಸುವುದನ್ನು ಕಲಿತಿದ್ದರು.

"ತುರ್ತು ಸಂದೇಶಕ್ಕಾದರೂ ವಿನಾಯಿತಿ ಕೊಡಿ," ಎಂದು ಕಾರ್ಖಾನೆಯ ನಿರ್ದೇಶಕರು ಕೇಳಿದ್ದರು.

"ನಿಮ್ಮ ಸುರಕ್ಷತಾ ಮುಖ್ಯಸ್ಥರು ರಂಗೋಲಿ ಸ್ಪರ್ಧೆಗೂ ತುರ್ತು ಅಂತ ಹಾಕ್ತಾರೆ ಸರ್," ಎಂದಿದ್ದರು ನೀಲಾಂಬಿಕಾ. ವಿನಾಯಿತಿ ಸಿಗಲಿಲ್ಲ.

ಆ ಮುಖ್ಯಸ್ಥರ ಹೆಸರು ಗುರುಪಾದ ಹೆರೂರ. ನೌಕರಿಗೆ ಸೇರಿದಂದಿನಿಂದ ಅವರದು ಒಂದೇ ಪದ್ಧತಿ: "ಎಲ್ಲಾರಿಗೂ ಹಾಕಿಬಿಡ್ರಿ. ನಾಳೆ ನಮಗ ತಿಳಿಸಿಲ್ಲ ಅನ್ನಾಕ ಬಾಯಿ ಇರಬಾರದು." ಕ್ಯಾಂಟೀನಿನ ಟೆಂಡರ್, ನಿರ್ದೇಶಕರ ಹುಟ್ಟುಹಬ್ಬ, ಸುರಕ್ಷತಾ ಸಪ್ತಾಹದ ಘೋಷಣೆಗಳು, ಎಲ್ಲವೂ ಎಲ್ಲರಿಗೂ ಹೋಗುತ್ತಿದ್ದವು.

ಹದಿನೆಂಟು ವರ್ಷಗಳ ಹಿಂದೆ ಹೀಗೇ ಎಲ್ಲರಿಗೂ ಹೋದ ಒಂದು ಸಾಲು: ಮೂರನೇ ಕುಲುಮೆಯಲ್ಲಿ ಅನಿಲ ಸೋರಿಕೆ. ಕುಲುಮೆಯ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲ್ಲಿ ಕೊಳವೆ ಬಿಗಿಯುತ್ತಿದ್ದ ಫಿಟ್ಟರ್ ಚನ್ನವೀರ ಅಂಗಡಿ ಬದುಕಿ ಹೊರಬರಲಿಲ್ಲ. ಅವರು ಮೊಬೈಲಿನಲ್ಲಿ ಕೊನೆಯದಾಗಿ ತೆರೆದು ನೋಡಿದ್ದು ಗುಲಾಬಿ ಹೂವಿನ ಒಂದು ಶುಭೋದಯ. ಅದರ ಕೆಳಗಿದ್ದ ಸೂಚನೆ ತೆರೆಯದೆ ಉಳಿಯಿತು. ಹೆರೂರ ವರದಿ ಬರೆದರು: "ಸೂಚನೆ ರವಾನಿಸಲಾಗಿತ್ತು. ಸ್ವೀಕರಿಸಿದವರು ಓದಿಲ್ಲ."

ಚನ್ನವೀರ ನೀಲಾಂಬಿಕಾ ಅವರ ತಮ್ಮ. ಆ ಎರಡು ವಾಕ್ಯಗಳನ್ನು ಅವರು ಮರೆಯಲಿಲ್ಲ. ಮಣಿ ಸಿದ್ಧವಾದಾಗ ಮೊದಲು ತಂದುಕೊಟ್ಟದ್ದು ಹಂಸಗಿರಿಗೆ. ಹೆರೂರರ ವಿರುದ್ಧ ಯಂತ್ರದಲ್ಲಿ ಏನನ್ನೂ ಅಡಗಿಸಿರಲಿಲ್ಲ; ಅಗತ್ಯವಿರಲಿಲ್ಲ. ತಿಂಗಳೊಳಗೆ ಅವರ ತೂಕ ಶೂನ್ಯಕ್ಕಿಳಿಯಿತು. ಯಾರೂ ಉತ್ತರಿಸದಿದ್ದಾಗ ಅವರು ಇನ್ನಷ್ಟು ಜನರಿಗೆ, ಇನ್ನಷ್ಟು ಸಲ ಕಳಿಸಿದರು.

ಕೊನೆಗೆ ಹೆರೂರ ನೀಲಾಂಬಿಕಾ ಅವರ ಬಳಿಗೇ ಬಂದರು. "ಮೇಡಂ, ನಾ ಏನ್ ಕಳಿಸಿದ್ರೂ ಯಾರಿಗೂ ಮುಟ್ಟವಲ್ದು. ಮನ್ಯಾಗ ಮಗಳಿಗೆ ಫೋನ್ ಹಚ್ಚಿದ್ರೂ ಅಕಿ ಮಣಿ ಬಿಡವಲ್ದು. ಸತ್ತಾಂಗ ಆಗೇತಿ. ನನ್ನ ತೂಕ ಒಂದೀಟು ಎತ್ತರಿ."

ಈ ದಿನಕ್ಕಾಗಿಯೇ ನೀಲಾಂಬಿಕಾ ಕಾದಿದ್ದರು. "ಸೂಚನೆ ರವಾನೆ ಆಗಿರತೈತಲ್ರೀ ಹೆರೂರ ಅವರ? ಸ್ವೀಕರಿಸಿದವರು ಓದಿಲ್ಲ, ಅಷ್ಟ."

ಹೆರೂರರ ಮುಖ ಬಿಳಿಚಿತು. ಆಗಷ್ಟೇ ಅವರಿಗೆ ಆಕೆಯ ಮನೆತನದ ಹೆಸರು ಹೊಳೆದಂತಿತ್ತು. ಹೊರಟುಹೋದರು.

ಜುಲೈನ ಒಂದು ಬೆಳಿಗ್ಗೆ ನೀಲಾಂಬಿಕಾ ನಿಯಂತ್ರಣ ಕೊಠಡಿಯಲ್ಲಿ ಮಣಿಗಳ ತಪಾಸಣೆ ನಡೆಸುತ್ತಿದ್ದರು. ತಡೆಹಿಡಿದ ಸಂದೇಶಗಳು ಕಾಣುವುದು ಅವರ ಪರದೆಯಲ್ಲಿ ಮಾತ್ರ. ಅಲ್ಲಿ ಒಂದು ಸಾಲು ಮೂಡಿತು: ಮೂರನೇ ಕುಲುಮೆಯಲ್ಲಿ ಅನಿಲ ಸೋರಿಕೆ, ಕೂಡಲೇ ಹೊರಗೆ ಬನ್ನಿ. ಕಳಿಸಿದವರು ಹೆರೂರ. ತೂಕ ಶೂನ್ಯ. ಕಾರ್ಮಿಕರ ಎದೆಯ ಮೇಲಿನ ಅನಿಲಮಾಪಕಗಳೂ ಜಾಲಕ್ಕೆ ಎಚ್ಚರಿಕೆ ಕಳಿಸಿದ್ದವು. ಧೂಳು ಹಾರಿದರೂ ಎಚ್ಚರಿಸುವ ಅವುಗಳ ತೂಕವೂ ಎಂದೋ ಇಳಿದಿತ್ತು.

ಒಂದು ಗುಂಡಿ ಒತ್ತಿದರೆ ಸಂದೇಶ ಎಲ್ಲರ ಕಿವಿಗೆ ಹೋಗುತ್ತಿತ್ತು. ನೀಲಾಂಬಿಕಾ ಬೆರಳನ್ನು ಗುಂಡಿಯ ಮೇಲಿಟ್ಟರು. ಕಿಟಕಿಯಾಚೆ, ಅಂಗಳದಲ್ಲಿ, ಹೆರೂರ ಕುಲುಮೆಯತ್ತ ಓಡುತ್ತಿದ್ದರು. ಅರವತ್ತರ ಅಂಚಿನ ದಪ್ಪ ದೇಹ, ಶಿರಸ್ತ್ರಾಣ ಬಿದ್ದುಹೋಗಿತ್ತು. ಓಡಲಿ, ಎಂದುಕೊಂಡರು ನೀಲಾಂಬಿಕಾ. ಜೀವನದಲ್ಲಿ ಒಮ್ಮೆ ಒಂದು ಸುದ್ದಿಯನ್ನು ಕಾಲಿನಿಂದ ಮುಟ್ಟಿಸಲಿ.

ಹೆರೂರ ಕುಲುಮೆ ಕಟ್ಟಡದ ಬಾಗಿಲು ದಾಟುವವರೆಗೆ ನೋಡಿ, ಆಮೇಲೆ ಗುಂಡಿ ಒತ್ತಿದರು.

ಹೆರೂರ ಒಳಗೆ ಕಿರುಚಿ, ತೋಳು ಹಿಡಿದೆಳೆದು ಜನರನ್ನು ಹೊರಗಟ್ಟಿದರು. ಎಲ್ಲರೂ ಬದುಕಿದರು. ಆದರೆ ಎತ್ತರದ ಕ್ರೇನಿನ ಗೂಡಿನಲ್ಲಿದ್ದ ಫಕೀರಸಾಬರನ್ನು ಇಳಿಸುವಷ್ಟರಲ್ಲಿ ಅನಿಲ ಮಿದುಳಿಗೆ ಏಟು ಕೊಟ್ಟಿತ್ತು. ಈಗಲೂ ಮಣಿ ಅವರ ಹೆಂಡತಿಯ ಮಾತನ್ನು ತಪ್ಪದೆ ದಾಟಿಸುತ್ತದೆ. ಆ ಧ್ವನಿ ಯಾರದೆಂದು ಅವರಿಗೆ ತಿಳಿಯುವುದಿಲ್ಲ.

ವಿಚಾರಣೆ ನಡೆಯಿತು. ಪರದೆಯ ದಾಖಲೆ ನೋಡಿ ಅಧ್ಯಕ್ಷರು ಓದಿದರು: "ಸೂಚನೆ ರವಾನಿಸಲಾಗಿತ್ತು. ಸ್ವೀಕರಿಸಿದವರು ಓದಿದ್ದರು."

ನೀಲಾಂಬಿಕಾ ತಲೆತಗ್ಗಿಸಿ ಹೊರಬಂದರು. ಓಣಿಯಂತೆ ಉದ್ದವಾದ ಮೊಗಸಾಲೆಯಲ್ಲಿ ನೌಕರರು ತುಂಬಿದ್ದರು. ಫಕೀರಸಾಬರ ಹೆಂಡತಿಯೂ ಇದ್ದರು. ಹೆರೂರ ಕೆಮ್ಮುತ್ತಾ ಎದುರಾದರು. ಅವರ ಮಾತಿಗೆ ಅಂದು ಅಷ್ಟೂ ಜನ ಓಡಿದ್ದರಿಂದ ಈಗ ಕಾರ್ಖಾನೆಯಲ್ಲೇ ಅವರ ತೂಕ ಹೆಚ್ಚು.

"ನಿಮ್ಮ ತಮ್ಮನ ಫೋನ್ ಅವತ್ತ ನಾನ ತೆಗೆದು ನೋಡಿದ್ದೆ ಮೇಡಂ," ಎಂದರು. "ನನ್ನ ಸೂಚನಾದ ಮ್ಯಾಲೆ ಬಂದು ಕುಂತಿತ್ತಲ್ಲ ಗುಲಾಬಿ, ಅದರ ಮುಂದ 'ಅಕ್ಕ' ಅಂತ ಹೆಸರಿತ್ತು. ಸತ್ತ ಮನಿಯವರಿಗೆ ಮತ್ತ ಯಾಕ ಚುಚ್ಚೂದು ಅಂತ ವರದ್ಯಾಗ ಬರೀಲಿಲ್ಲ."

ನೀಲಾಂಬಿಕಾ ದನಿ ತಗ್ಗಿಸಿದರು. "ಈಗ್ಯಾಕ ನನಗ ಹೇಳಾಕತ್ತೀರಿ?"

"ನಿಮಗೊಬ್ಬರಿಗೆ ಅಲ್ರಿ," ಎಂದರು ಹೆರೂರ. "ಎಲ್ಲಾರಿಗೂ ಹಾಕೇನಿ."

ಮೊಗಸಾಲೆಯ ಆ ತುದಿಯಿಂದ ಒಬ್ಬೊಬ್ಬರಾಗಿ ಕಿವಿಗೆ ಕೈ ಒಯ್ದರು, ಕೇಳಿದರು, ತಲೆಯೆತ್ತಿ ಆಕೆಯತ್ತ ತಿರುಗಿದರು. ಕೊನೆಗೆ ನೀಲಾಂಬಿಕಾ ಅವರ ಕಿವಿಯ ಮಣಿಯೂ ಮಾತಾಡಿತು. ಅದು ಏನನ್ನೂ ತಡೆಯಲಿಲ್ಲ.