ನಿರಿಗೆ

ದಿನಚರಿಗೂ ಸುಳ್ಳು ಬರೆದವಳು ಡಾಕ್ಟರಿಗೆ ಏನು ಹೇಳಲಿ? ಸುಗಲಾ ಇದನ್ನು ಕೇಳಿಕೊಂಡಿದ್ದು ತನ್ನನ್ನೇ.

2058ರ ಗದಗಿನ ಆ ಪ್ರಯೋಗಾಲಯದಲ್ಲಿ, ಅವಳ ಕೆನ್ನೆಯೊಳಗಿಂದ ಒರೆಸಿ ತೆಗೆದು ಅಂಡಾಶಯದ ಜೀವಕೋಶಗಳಾಗಿ ಬೆಳೆಸಿದ್ದ ಕಣಗಳು ಗಾಜಿನ ಬಿಲ್ಲೆಯ ಮೇಲೆ ಕಪ್ಪಗೆ ಕೂತಿದ್ದವು. ಡಾ. ಜುಲೇಖಾ ಮಕಾನದಾರ ಒಂದು ಹನಿ ಔಷಧ ಬಿಟ್ಟರು. ಸ್ವಲ್ಪ ಹೊತ್ತಿಗೆ ಒಂದೊಂದೇ ಜೀವಕೋಶ ಹಸಿರಾಗಿ ಮಿನುಗತೊಡಗಿತು.

"ನೋಡ್ರಿ, ಬಾಗಿಲಿಗೆ ಬಂದ್ವು," ಎಂದರು.

ಬಂದದ್ದು ಗ್ರಾಹಕ ಪ್ರೋಟೀನು. ಅಂಡವನ್ನು ಬಲಿಸೆಂದು ಮಿದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನನ್ನು ಜೀವಕೋಶದ ಹೊರಮೈಯಲ್ಲಿ ನಿಂತು ಹಿಡಿಯುವುದು ಅದರ ಕೆಲಸ. ಅದರ ಜೀನಿನಲ್ಲಿ ಒಂದಕ್ಷರ ತಪ್ಪಿದರೆ ನಿರಿಗೆ ಕೆಟ್ಟ ಸೀರೆಯಂತೆ ಮುದುಡಿ ಒಳಗೇ ಉಳಿಯುತ್ತದೆ. ಹಾರ್ಮೋನು ಬಂದ ದಾರಿಗೆ ಸುಂಕವಿಲ್ಲದೆ ಮರಳುತ್ತದೆ. ಜುಲೇಖಾ ಕಂಡುಹಿಡಿದ ಔಷಧ ಆ ಮಡಿಕೆಯನ್ನು ನೆಟ್ಟಗೆ ಮಾಡುತ್ತಿತ್ತು. ಅದಕ್ಕೆ 'ನಿರಿಗೆ' ಎಂದೇ ಹೆಸರಿಟ್ಟಿದ್ದರು.

"ಒಂದ ಪ್ರಶ್ನೆ ಉಳೀತು. ಮೊದಲ ಸಲ ಮುಟ್ಟಾಗಿದ್ದು ಎಷ್ಟನೇ ವಯಸ್ಸಿಗೆ?"

"ಹದಿನಾರಕ್ಕ ರೀ," ಎಂದಳು ಪಕ್ಕದಲ್ಲಿದ್ದ ಅವ್ವ. "ಅಕ್ಕ ತಂಗಿ ಇಬ್ಬರನೂ ಜೋಡಿ ಕುಂದರಿಸಿ ಆರತಿ ಮಾಡೀವಿ. ಐದು ದಿನ ಅಂಟಿನುಂಡಿ. ಈಕಿ ಪಾಲಿಂದೂ ತಂಗಿನೇ ತಿಂದ್ಲು. ಈಗ ಎರಡು ವರ್ಷದಿಂದ ನಿಂತದ."

ಜುಲೇಖಾ ಪರದೆಯನ್ನು ಮತ್ತೊಮ್ಮೆ ನೋಡಿದರು. "ಜೀನಿನ್ಯಾಗ ಈ ತಪ್ಪು ಇದ್ದಾಕಿಗೆ ಮುಟ್ಟು ಬರಬಾರದಿತ್ತು. ಬಂದು ನಿಂತಿದ್ರ, ಅಂಡಗಳು ತೀರ್‍ಯಾವ ಅಂತ ಅರ್ಥ. ಆಗ ಈ ಔಷಧ ಕೊಡಾಕ ಬರೂದಿಲ್ಲ."

"ಹಂಗಾರ ನಮ್ಮ ಹುಡುಗಿಗೆ ಇಲ್ಲೇನ್ರಿ?" ಅವ್ವನ ಕೈ ಸೆರಗಿಗೆ ಹೋಯಿತು.

ಎಂಟು ವರ್ಷದ ಹಿಂದೆ ಹದಿಮೂರರ ತಂಗಿ ಇಂಚರಾ ಮೈನೆರೆದಾಗ, "ದೊಡ್ಡಾಕಿ ಆರತಿ ಆಗದ ಸಣ್ಣಾಕಿಗೆ ಹೆಂಗ ಮಾಡೂದು?" ಎಂದು ಅಜ್ಜಿ ಪಟ್ಟು ಹಿಡಿದಿದ್ದಳು. ಇಂಚರಾ ಆರತಿಗೆಂದು ತಂದಿದ್ದ ಹಸಿರು ಸೀರೆ ಅಪ್ಪಿಕೊಂಡು ಅತ್ತಳು. ಒಂದು ವಾರ ನೋಡಿದ ಸುಗಲಾ, "ನನಗೂ ಆಗೇದ" ಅಂದುಬಿಟ್ಟಳು. ಅಲ್ಲಿಂದ ತಿಂಗಳು ತಿಂಗಳೂ ದಿನಚರಿಯಲ್ಲೊಂದು ಕೆಂಪು ಚುಕ್ಕೆ, ಅವ್ವ ಎಂದಾದರೂ ತೆರೆದು ನೋಡಿದರೆ ಇರಲಿ ಎಂದು. ಪದವಿ ಮುಗಿಯುವ ಹೊತ್ತಿಗೆ ಚುಕ್ಕೆ ಇಟ್ಟು ಇಟ್ಟು ಬೇಸತ್ತು, "ನಿಂತದ" ಎಂಬ ಎರಡನೆಯ ಸುಳ್ಳು.

ಜೀವಕೋಶದ ಬಾಗಿಲು ತೆಗೆಯುವುದನ್ನು ಮನುಷ್ಯರು ಕಲಿತಿದ್ದರು. ಡಾಕ್ಟರ ಪ್ರಶ್ನೆ ಮಾತ್ರ ಅಜ್ಜಿಯ ಕಾಲದ್ದೇ. ಉತ್ತರ ಕೊಡುವವರೂ ಪಕ್ಕದಲ್ಲಿ ಕೂತ ತಾಯಂದಿರೇ.

"ನಾ ಕೇಳಿದ್ದು ಆಕಿನ್ನ, ಅಕ್ಕಾರ," ಎಂದು ಜುಲೇಖಾ ಮೆತ್ತಗೆ ಹೇಳಿ, ಕುರ್ಚಿಯನ್ನು ಸುಗಲಾಳ ಕಡೆ ತಿರುಗಿಸಿದರು.

ಬಿಲ್ಲೆಯ ಮೇಲಿನ ಹಸಿರು ಇನ್ನೂ ಆರಿರಲಿಲ್ಲ. ಸುಗಲಾ ಸೆರಗಿನಿಂದ ಅವ್ವನ ಕೈ ಬಿಡಿಸಿ ತನ್ನ ಕೈಯೊಳಗೆ ತೆಗೆದುಕೊಂಡಳು.

"ಅವ್ವಾ, ನನಗ ಒಮ್ಮೆನೂ ಬಂದೇ ಇಲ್ಲ."