ಮೀಸೆಯಿಲ್ಲದ ಬೆಕ್ಕು

"ಮೇಡಂ, ನಿಮಗೆ ಮರಿ ಬೇಕೋ, ಆಮ್ಲೆಟ್ ಬೇಕೋ?"

ಶಿಶುವಿಹಾರದ ಪುಟಾಣಿಗಳೆಲ್ಲ ಗೊಳ್ಳೆಂದು ನಕ್ಕರು. ಟೀಚರಮ್ಮನ ಮೈ ಉರಿದುಹೋಯಿತು. ಮಕ್ಕಳಿಗೆ ಚೆನ್ನಾಗಿ ಕಾಣಲಿ ಅಂತ ಮೊಟ್ಟೆ ಮರಿ ಮಾಡುವ ಕಾವಿನ ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಲ್ಲಿ ಇಡಿಸಿದ್ದೇ ತಪ್ಪಾಯಿತೇ? ಕೋಳಿ ಫಾರಂನಿಂದ ಮೊಟ್ಟೆ ತಂದ ಈ ಮನುಷ್ಯನಿಗೆ ಏನು ಧಿಮಾಕು!

ಆದರೂ ಪೆಟ್ಟಿಗೆ ನೆರಳಿಗೆ ಹೋಯಿತು. ಮಕ್ಕಳು ತಮ್ಮ ತಮ್ಮ ಮೊಟ್ಟೆಯ ಮೇಲೆ ಪೆನ್ಸಿಲ್‌ನಿಂದ ಚಿತ್ರ ಬರೆದರು. ಅವನು 'ಕೋಳಿಮಾಮ' ಆದ. ಬಿಸಿ ಸರಿಯಿದೆಯೋ ನೋಡಬೇಕು ಅಂತ ದಿನಾ ಬೆಳಿಗ್ಗೆ ಬರತೊಡಗಿದ.

ದಿನ ಕಳೆದಂತೆ ಟೀಚರಮ್ಮ ಪದ್ಯ ಹೇಳಿಕೊಡುವಾಗಲೂ ಕಿವಿ ಮಾತ್ರ ಹೊರಗಿನ ಸ್ಕೂಟರ್ ಸದ್ದಿಗೆ ಕಾಯುತ್ತಿತ್ತು. 'ಛೆ, ನನಗೇನಾಗಿದೆ...' ಅಂತ ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಗದರಿದ್ದು ಕಿವಿಗೆ ಮಾತ್ರ ತಾಗಲಿಲ್ಲ.

ಹಾಗಿರುವಾಗ ಒಂದು ದಿನ 'ಪಟಾಕಿ' ಪೆಟ್ಟಿಗೆಗೆ ಮೂಗು ಒತ್ತಿ ನಿಂತಳು. ಸದ್ದು ಮಾಡದೆ ಒಂದು ಗಳಿಗೆ ಇರಲಾರದ ಹುಡುಗಿ ಅವಳು.

"ಮಿಸ್, ಇದು ನನ್ನ ಬೆಕ್ಕಲ್ಲ. ನನ್ನ ಬೆಕ್ಕಿಗೆ ಮೀಸೆ ಇತ್ತು."

ಕೋಳಿಮಾಮನ ಮುಖ ಬಿಳಿಚಿಕೊಂಡಿತು.

ಟೀಚರಮ್ಮ ವರಾಂಡಕ್ಕೆ ಕರೆದು ಕೇಳಿದಾಗ ತಡವರಿಸಿದ. "ಟಾರ್ಚ್ ಹಿಡಿದು ನೋಡಿದೆ... ಅವಳ ಮೊಟ್ಟೇಲಿ ಜೀವ ಕಟ್ಟಿರಲಿಲ್ಲ. ಅಳ್ತಾಳೆ ಅಂತ ಫಾರಂನಲ್ಲಿ ಅಷ್ಟೇ ದಿನದಿಂದ ಕಾವಿಗಿಟ್ಟಿದ್ದ ಬೇರೆ ಮೊಟ್ಟೆ ತಂದಿಟ್ಟು, ನಾನೇ ಬೆಕ್ಕು ಬರೆದೆ. ಮೀಸೆ ಮರೆತೆ."

"ಮಗುವಿಗೆ ಮೋಸ ಮಾಡ್ತೀರಾ?" ಅವಳ ದನಿ ನಡುಗಿತು. "ನಮ್ಮಮ್ಮ ತೀರಿಕೊಂಡಾಗ ನನಗೂ ಹೀಗೇ ಹೇಳಿದ್ರು. ಊರಿಗೆ ಹೋಗಿದ್ದಾಳೆ, ಬರ್ತಾಳೆ ಅಂತ. ಗೇಟ್ ಹಿಡ್ಕೊಂಡು ನಾನು ಕಾದಿದ್ದು ನನಗೊಬ್ಬಳಿಗೇ ಗೊತ್ತು. ನೀವು ಇನ್ನು ಬರೋದು ಬೇಡ."

ಅವನು ತಲೆ ತಗ್ಗಿಸಿ ಹೊರಟುಹೋದ.

ಪಟಾಕಿಗೆ ಅವಳೇ ನಿಜ ಹೇಳಿದಳು. ಮಗು ಹೊಟ್ಟೆ ತುಂಬ ಅತ್ತಿತು. ಮೂಗೊರೆಸಿಕೊಂಡು, "ಪಾಪ, ಇದಕ್ಕೂ ಮೀಸೆ ಬರೀಲಾ ಮಿಸ್?" ಅಂತ ಕೇಳಿತು.

ಟೀಚರಮ್ಮನಿಗೆ ಮಾತ್ರ ಸಮಾಧಾನವಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಸ್ಕೂಟರ್ ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು. ಹಾಲಿನವನು. ಅಂಚೆಯವನು. ಇನ್ಯಾರೋ... 'ಬೇಡ ಅಂದವಳು ನೀನೇ ಅಲ್ವಾ? ಈಗ ಅನುಭವಿಸು!'

ಕೊನೆಗೂ ಮೊಟ್ಟೆಗಳು ಬಿರುಕು ಬಿಟ್ಟವು. ಒಂದೊಂದೇ ಮರಿ ಒದ್ದೆ ಮೈಯಲ್ಲಿ ಹೊರಬಿತ್ತು. ಪಟಾಕಿಯ ಮರಿ ಮಾತ್ರ ಕೊಕ್ಕು ತೂರಿಸಿ ಅಲ್ಲೇ ನಿಂತುಬಿಟ್ಟಿತು. ಚಿಪ್ಪು ಕಿತ್ತುಬಿಡಲೇ? ಟೀಚರಮ್ಮನ ಕೈ ಮುಚ್ಚಳದ ಹತ್ತಿರ ಹೋಯಿತು, ಬಂತು. ತಡೆಯಲಾರದೆ ಕೋಳಿಮಾಮನಿಗೆ ಫೋನ್ ಮಾಡಿದಳು.

"ಮುಚ್ಚಳ ತೆಗೀಬೇಡಿ. ಬಂದೆ," ಅಂದ ಅವನು.

ಬಂದವನು ಮಕ್ಕಳ ಪಕ್ಕ ನೆಲದಲ್ಲೇ ಕೂತ. ಪಟಾಕಿ ಅವನ ತೋಳು ಜಗ್ಗಿದಳು. "ಮಾಮ, ಇದು ಬದುಕುತ್ತಾ?"

ಅವನು ಬಾಯಿ ತೆರೆದ. ಟೀಚರಮ್ಮ ಉಸಿರು ಬಿಗಿಹಿಡಿದಳು.

"ಗೊತ್ತಿಲ್ಲ ಕಂದಾ. ಬದುಕಬಹುದು... ಬದುಕದೇನೂ ಇರಬಹುದು. ನಾವು ಕಾಯೋಣ."

ಟೀಚರಮ್ಮನ ಕಣ್ಣು ತುಂಬಿ ಬಂತು.

ಕಾದರು. ಮಕ್ಕಳು ಊಟದ ಡಬ್ಬಿಯನ್ನೂ ಅಲ್ಲೇ ತಂದುಕೊಂಡು ಕಾದರು. ಕೊನೆಗೆ ಚಿಪ್ಪು ಎರಡು ಹೋಳಾಯಿತು, ಮರಿ ಮುಗ್ಗರಿಸಿ ಹೊರಬಂದು 'ಚೀಂವ್' ಅಂದಿತು. ಪಟಾಕಿ ಕೋಣೆಯೆಲ್ಲ ಕುಣಿದಳು.

ಆ ಗದ್ದಲದಲ್ಲಿ ಅವನು ಮೆಲ್ಲಗೆ ಅಂದ: "ಇನ್ನೊಂದು ಸುಳ್ಳು ಉಳಿದಿದೆ, ಒಪ್ಕೊಂಡುಬಿಡ್ತೀನಿ. ಈ ಪೆಟ್ಟಿಗೆ ಎಲ್ಲಾನೂ ತಾನೇ ನೋಡ್ಕೊಳ್ಳುತ್ತೆ. ನಾನು ದಿನಾ ಬರೋ ಅಗತ್ಯವೇ ಇರಲಿಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ."

ಅವಳು ಕೆಂಪಾದಳು. "ಗೊತ್ತು. ಪೆಟ್ಟಿಗೆಯ ಹಿಂದೆಯೇ ಬರೆದಿದೆ. ಮೊದಲ ದಿನವೇ ಓದಿದ್ದೆ."

"ಮತ್ತೆ... ಹೇಳಲೇ ಇಲ್ಲ?"

"ಹೇಳಿದ್ರೆ ನೀವು ಬರ್ತಿದ್ರಾ?"